ಮೆಟ್ಟಿಲು ಕಿತ್ತ ಗಿಟಾರು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು, ಗಡಿಯಾರದ ಗೋಪುರದ ತುಂಬ ಪಾರಿವಾಳ ಏಕೆ ಎಂದು. ಗಡಿಯಾರ ನಿಂತುಹೋಯಿತು, ಅದಕ್ಕೇ ಪಾರಿವಾಳದ ಮನೆ ಮಾಡಿದೆವು ಎಂದರೆ, ರಿಪೇರಿ ಮಾಡಿಸಬಾರದಿತ್ತೇ ಅನ್ನುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ನಮ್ಮಲ್ಲಿ ಮುರಿದದ್ದು ಮತ್ತೆ ಅದೇ ಆಗುವುದಿಲ್ಲ. ಹಟ ಹಿಡಿದು ಸರಿಮಾಡಿದರೆ ಬೆಳಗಾಗುವುದರೊಳಗೆ ಅದೇ ಜಾಗದಲ್ಲಿ, ಅದೇ ಗೆರೆಯಲ್ಲಿ ಮತ್ತೆ ಮುರಿದಿರುತ್ತದೆ. ಬೇರೆ ಏನನ್ನಾದರೂ ಮಾಡಿದರೆ ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ. ಹೊರಗಿನ ಮೆಕ್ಯಾನಿಕ್ ಒಬ್ಬ ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಹಾಕಿದ್ದ. ಪಾಪ, ಹೊಸಬನ ಉತ್ಸಾಹ ಏಕೆ ಕೆಡಿಸುವುದು ಎಂದು ಜನ ಐದು ಮಿಕ್ಸಿ ತಂದುಕೊಟ್ಟರು. ಐದನ್ನೂ ಸರಿಮಾಡಿ ಬೀಗಿದ. ಮರುದಿನ ಐದೂ ವಾಪಸ್ಸು ಬಂದವು. ವಾರವಿಡೀ ಒದ್ದಾಡಿ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಮುರಿದದ್ದನ್ನೆಲ್ಲ ನನ್ನ ಹತ್ತಿರ ತರುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ‘ಭಾಗೀರಥಿ ಮಾರ್ಪಾಡು ಕೇಂದ್ರ’ ಎಂದಿದೆ. ಆ ಬೋರ್ಡೂ ಮೊದಲು ಯಾರದೋ ಮನೆಯ ಬಾಗಿಲು. ತಂದ ವಸ್ತುವಿನಲ್ಲಿ ಏನು ಕೆಟ್ಟಿದೆ ಎಂದು ಹೋದ ವರ್ಷದವರೆಗೆ ನಾನು ನೋಡುತ್ತಿರಲಿಲ್ಲ. ನಮ್ಮ ಊರಿನಲ್ಲಿ ಯಾರೂ ನೋಡುತ್ತಿರಲಿಲ್ಲ. ನೋಡಿ ಆಗಬೇಕಾದದ್ದೇನು? ಇದು ಇನ್ನು ಏನಾಗಬಹುದು ಎಂದಷ್ಟೇ ಯೋಚಿಸುವುದು. ನಾನು ಕೈಯಾಡಿಸಿದ ಹೊಲಿಗೆ ಯಂತ್ರಗಳು ಮನೆಮನೆಯಲ್ಲಿ ಚಾಕುವಿಗೆ ಸಾಣೆ ಹಿಡಿಯುತ್ತಿವೆ. ಹೈಸ್ಕೂಲಿನ ಗೇಟು ಎರಡು ಮಂಚವಾಗಿ ಹೆಡ್‌ಮಾಸ್ತರರ ಮನೆಯಲ್ಲಿದೆ. ಕೆಲಸ ಮುಗಿದ ಮೇಲೆ ಒಂದು ಪದ್ಧತಿ ಉಂಟು. ಮಾಡಿದವರು ಹೊಸ ಹೆಸರು ಇಡುವಂತಿಲ್ಲ. ಯಾರಿಗೆಂದು ಮಾಡಿದ್ದೋ ಅವರ ಮುಂದೆ ಇಟ್ಟು, ಇದೇನು ಹೇಳಿ ಎಂದು ಕೇಳಬೇಕು. ಅವರು ಸಾಣೆ ಎಂದರೆ ಅದು ಸಾಣೆ. ಬಾಯ್ಬಿಟ್ಟು ಹೆಸರು ಹೇಳುವ ತನಕ ಯಾವ ವಸ್ತುವೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ.

ಮನುಷ್ಯರ ನಡುವೆ ಮುರಿದದ್ದಕ್ಕೂ ಇದೇ ನಿಯಮ ಎಂದು ನಮ್ಮವರು ನಂಬಿದ್ದಾರೆ. ಬಸ್ ಓಡಿಸುವ ಸಿದ್ಧಲಿಂಗುವಿಗೂ ಅವನ ಹೆಂಡತಿ ತುಂಗಮ್ಮನಿಗೂ ಮುರಿದಾಗ, ಮತ್ತೆ ಗಂಡ ಹೆಂಡತಿಯಾಗುವ ಹುಚ್ಚು ಸಾಹಸಕ್ಕೆ ಅವರು ಹೋಗಲಿಲ್ಲ. ತುಂಗಮ್ಮ ಅದೇ ಬಸ್ಸಿಗೆ ಕಂಡಕ್ಟರಾದಳು. ಮನೆಯಲ್ಲಿ ಎಂದೂ ಅವಳ ಮಾತಿಗೆ ನಿಲ್ಲದವನು ಈಗ ಅವಳು ಒಂದು ಸೀಟಿ ಊದಿದರೆ ನಿಲ್ಲುತ್ತಾನೆ, ಎರಡು ಊದಿದರೆ ಹೊರಡುತ್ತಾನೆ. ಜಗಳವಾಡಿದ ಅಪ್ಪ ಮಗ ಕ್ಷೌರಿಕ ಮತ್ತು ಗಿರಾಕಿ ಆಗಿದ್ದಾರೆ. ಹೀಗಾಗಿ ‘ತಪ್ಪಾಯ್ತು’ ಎಂಬ ಮಾತಿಗೆ ನಮ್ಮಲ್ಲಿ ಬಳಕೆ ಇಲ್ಲ. ಸಂತೆಯಲ್ಲಿ ಯಾರದಾದರೂ ಕಾಲು ತುಳಿದರೆ ಅನ್ನುತ್ತೇವೆ, ಅಷ್ಟೇ. ಮುರಿದ ಮೇಲೆ ಆ ಮಾತು ಹೇಳಿ ಪ್ರಯೋಜನವೇನು ಎಂದು ಎಲ್ಲರೂ ನೆಮ್ಮದಿಯಾಗಿದ್ದೇವೆ.

ನಾನೂ ನೆಮ್ಮದಿಯಾಗಿದ್ದೆ ಎಂದುಕೊಂಡಿದ್ದೆ. ನನ್ನ ಅಣ್ಣ ವಿರೂಪಾಕ್ಷನಿಗೂ ನನಗೂ ಮುರಿದು ಎಂಟು ವರ್ಷವಾಗಿತ್ತು. ಅವನ ಮನೆ ನನ್ನ ಅಂಗಡಿಯಿಂದ ಮೂರನೆಯ ಬೀದಿ. ಎಂಟು ವರ್ಷದಲ್ಲಿ ನಾವು ತರಕಾರಿ ಅಂಗಡಿಯ ಮುಂದೆ, ಸಾವಿನ ಮನೆಯಲ್ಲಿ, ಮತದಾನದ ಸಾಲಿನಲ್ಲಿ ಎದುರಾಗಿದ್ದೆವು. ಒಂದು ಮಾತೂ ಆಡಿರಲಿಲ್ಲ. ಅದಕ್ಕೆ ಮೊದಲು ಹತ್ತು ವರ್ಷ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಅವನು ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದ, ನಾನು ಹಾಡುತ್ತಿದ್ದೆ. ಅಣ್ಣ ಕೈಯಿಟ್ಟ ಬೇರೆ ಯಾವ ಕಸುಬೂ ನಿಲ್ಲಲಿಲ್ಲ. ಫೋಟೋ ಸ್ಟುಡಿಯೋ ಮುಚ್ಚಿದ, ಕೋಳಿ ಸಾಕಿ ಕೈಬಿಟ್ಟ. ಗಿಟಾರು ಮಾತ್ರ ಅವನ ಮಾತು ಕೇಳುತ್ತಿತ್ತು. ಕೆಂಪು ಬಣ್ಣದ್ದು, ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು.

ಒಂದು ಮದುವೆಯ ಆರತಕ್ಷತೆಯಲ್ಲಿ, ನಾನು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ, ಗಿಟಾರು ಥಟ್ಟನೆ ಮೂಕವಾಯಿತು. ನಾನು ದನಿ ಎತ್ತಿ ಹಾಡಿದರೂ ಹಾಡು ಕುಸಿದುಬಿತ್ತು. ಜನ ನಕ್ಕರು. ನನಗೆ ಮುಂಗೋಪ, ಅದು ಆಗಲೂ ಇತ್ತು, ಈಗಲೂ ಇದೆ. ಕೈಯಲ್ಲಿ ಮೈಕು ಹಿಡಿದುಕೊಂಡೇ ಅವನ ಕಡೆ ತಿರುಗಿ, “ನಿನ್ನ ಕೈಗೆ ಕೊಟ್ಟದ್ದು ಯಾವುದು ಉಳಿದಿದೆ ಹೇಳು” ಅಂದೆ. ಇಡೀ ಛತ್ರ ಕೇಳಿಸಿಕೊಂಡಿತು. ಅಣ್ಣ ಗಿಟಾರನ್ನು ವೇದಿಕೆಯ ಮೇಲೆ ಮೆಲ್ಲಗೆ ಮಲಗಿಸಿದ. ಮುರೀತು ಅಂದ. ಯಾವುದು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೆಳಗಿಳಿದು ಹೋದ.

ಗಿಟಾರನ್ನು ನಾನೇ ಮನೆಗೆ ತಂದು ಅಂಗಡಿಯ ಹಿಂದಿನ ಗೋಡೆಗೆ ನೇತುಹಾಕಿದೆ. ಅದನ್ನು ಏನಾದರೂ ಮಾಡು ಎಂದು ಊರಿಗೆ ಊರೇ ಸಲಹೆ ಕೊಟ್ಟಿತು. ಮಸಾಲೆ ಡಬ್ಬಿ ಇಡುವ ಹಲಗೆ ಆಗುತ್ತದೆ ಎಂದರು, ಬಟ್ಟೆ ನೇತುಹಾಕಲು ಚೆನ್ನಾಗಿದೆ ಎಂದರು. ಊರಿನ ಮುರುಕಲನ್ನೆಲ್ಲ ಮಾರ್ಪಡಿಸುವವಳ ಗೋಡೆಯ ಮೇಲೇ ಒಂದು ಮುರುಕಲು ಎಂಟು ವರ್ಷ ಸುಮ್ಮನೆ ನೇತಾಡುತ್ತಿದ್ದದ್ದು ನನ್ನ ವೃತ್ತಿಗೆ ಅವಮಾನ. ಇರಲಿ ಅಂದುಕೊಂಡೆ. ಅದು ಇನ್ನೇನಾಗಬಹುದು ಎಂದು ನನಗೆ ಹೊಳೆಯಲೇ ಇಲ್ಲ, ಹೊಳೆಯುವುದು ಬೇಕಾಗಿಯೂ ಇರಲಿಲ್ಲ.

ಆರ್ಕೆಸ್ಟ್ರಾ ನಿಂತ ಮೇಲೆ ಅಣ್ಣ ಮರ ಕೊಯ್ಯುವ ಮಿಲ್ಲಿಗೆ ಸೇರಿದ್ದ. ಹೋದ ವರ್ಷ ಯುಗಾದಿ ಕಳೆದು ಹತ್ತು ದಿನಕ್ಕೆ ಅಲ್ಲಿನ ಗರಗಸಕ್ಕೆ ಅವನ ಎಡಗೈ ಸಿಕ್ಕಿತು. ಉಂಗುರದ ಬೆರಳೂ ಕಿರುಬೆರಳೂ ಹೋದವು. ಮೈಗಾದ ಗಾಯಕ್ಕೆ ನಮ್ಮ ಊರಿನ ನಿಯಮ ತಾಗುವುದಿಲ್ಲ, ಅದು ಎಲ್ಲ ಕಡೆಯಂತೆ ಮಾಯುತ್ತದೆ. ಆದರೆ ಹೋದ ಬೆರಳು ಯಾವ ಊರಿನಲ್ಲೂ ಬರುವುದಿಲ್ಲ. ಸುದ್ದಿ ಕೇಳಿದಾಗ ನಾನು ಒಂದು ಇಸ್ತ್ರಿಪೆಟ್ಟಿಗೆಗೆ ತೂತು ಕೊರೆಯುತ್ತಿದ್ದೆ. ಮೈಕಿನಲ್ಲಿ ನಾನು ಆಡಿದ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ನಿನ್ನ ಕೈಗೆ ಎಂದಿದ್ದೆ ನಾನು. ಅಂಗಡಿ ಮುಚ್ಚಿ ಒಳಗೆ ಕುಳಿತು ಅತ್ತೆ. ಹೋಗಿ ನೋಡಲಿಲ್ಲ, ಅವನಿಗೆ ನಾನು ಏನಾಗಬೇಕೆಂದು ಹೋಗಲಿ?

ಮೂರು ತಿಂಗಳಾದ ಮೇಲೆ ಅತ್ತಿಗೆ ಶಶಿರೇಖಾ ನನ್ನ ಅಂಗಡಿಗೆ ಬಂದಳು. ಕೈಯಲ್ಲೊಂದು ಮುರಿದ ಕೊಡೆ ಇತ್ತು, ನೆಪಕ್ಕೆ. ಕೊಡೆಯ ಮಾತು ಮುಗಿದರೂ ಏಳಲಿಲ್ಲ. ಅಣ್ಣ ಮನೆಯಿಂದ ಹೊರಗೆ ಬರುತ್ತಿಲ್ಲ ಎಂದಳು. ಎಡಗೈಯನ್ನು ಯಾವಾಗಲೂ ಟವೆಲಿನಲ್ಲಿ ಮುಚ್ಚಿಕೊಂಡಿರುತ್ತಾನೆ, ರೇಡಿಯೋದಲ್ಲಿ ಹಾಡು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ, ಎರಡು ಸಲ ಕರೆದರೆ ಒಂದು ಸಲ ಓಗೊಡುತ್ತಾನೆ. ಮೊದಲು ಊಟಕ್ಕೆ ಕೂತರೂ ತಟ್ಟೆಯ ಅಂಚಿನ ಮೇಲೆ ತಾಳ ಹಾಕುತ್ತಿದ್ದ ಮನುಷ್ಯ. “ಹಿಂಗೇ ಆದ್ರೆ ಇವ್ರು ಉಳಿಯಲ್ಲ ಭಾಗಿ,” ಎಂದಳು. “ಎರಡು ಬೆರಳಿಗೆ ಆಗೋ ಅಂಥದ್ದು ಏನಾದ್ರೂ ಇದ್ರೆ ನೋಡು. ಅವರ ಹತ್ರ ನೀನು ಮಾತಾಡೋದು ಬೇಡ, ನಾನೇ ಕೊಡ್ತೀನಿ.”

ಅವಳು ಹೋದ ಮೇಲೆ ಹಿಂದಿನ ಗೋಡೆ ನೋಡಿದೆ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅದು ಏನಾಗಬಹುದು ಎಂದು ಹೊಳೆಯಿತು. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರು ನೋಡಿದ್ದೆ. ನಾಲ್ಕೇ ತಂತಿ, ಒಂದೊಂದೂ ಹಗ್ಗದಂತೆ ದಪ್ಪ. ಆರು ತಂತಿಯನ್ನು ನಾಲ್ಕು ಬೆರಳಲ್ಲಿ ಅಮುಕಿ ಹಿಡಿಯುವ ಗೋಜಿಲ್ಲ. ಒಂದು ಸಲಕ್ಕೆ ಒಂದು ತಂತಿ, ಒಂದು ಬೆರಳು. ಎರಡು ಬೆರಳಿದ್ದವನಿಗೆ ಒಂದು ಹೆಚ್ಚಿಗೆಯೇ ಉಳಿಯುತ್ತದೆ. ಪಟ್ಟಣದಿಂದ ಹೊಸದನ್ನೇ ತರಿಸಬಹುದಲ್ಲ ಎಂದು ಅತ್ತಿಗೆ ಆಮೇಲೆ ಕೇಳಿದಳು. ಹೊಸದು ಕೊಟ್ಟರೆ ಅದು ದಾನ, ಅಣ್ಣ ಮುಟ್ಟುವುದಿಲ್ಲ ಎಂದೆ. ಇದು ಅವನದು. ಇದನ್ನೇ ಮಾಡುತ್ತೇನೆ, ಎಷ್ಟು ದಿನ ಹಿಡಿದರೂ ಮಾಡುತ್ತೇನೆ ಎಂದು ಹೇಳಿಬಿಟ್ಟೆ. ಪಟ್ಟಣದಿಂದ ತಂತಿ ತರಲು ಬಸ್ಸಿನ ತುಂಗಮ್ಮನಿಗೆ ಹೇಳಿಕಳಿಸಿದೆ. ಇರುವುದರಲ್ಲಿ ಅತಿ ದಪ್ಪದ್ದು ಬೇಕು ಎಂದು ಕಾಗದದಲ್ಲಿ ಬರೆದುಕೊಟ್ಟೆ.

ತಂತಿ ಬರುವುದರೊಳಗೆ ಬೇರೆ ಕೆಲಸ ಮುಗಿಸೋಣ ಎಂದು ಗಿಟಾರನ್ನು ಮೇಜಿನ ಮೇಲೆ ಮಲಗಿಸಿದೆ. ಆಂಪ್ಲಿಫೈಯರಿನ ಪಿನ್ನು ಚುಚ್ಚುವ ತೂತು ತುಕ್ಕು ಹಿಡಿದಿತ್ತು. ಹೊಸದು ಹಾಕಲೆಂದು ಅಲ್ಲಿನ ತಗಡಿನ ಎರಡು ಸ್ಕ್ರೂ ಬಿಚ್ಚಿದೆ. ಒಳಗೆ ಒಂದು ಬಿಳಿಯ ವೈರು ಬೆಸುಗೆ ಬಿಟ್ಟು ಸುಮ್ಮನೆ ನೇತಾಡುತ್ತಿತ್ತು. ವೈರು ತುಂಡಾಗಿರಲಿಲ್ಲ, ಸುಟ್ಟಿರಲಿಲ್ಲ. ಅದರ ತುದಿಯಲ್ಲಿ ಸೀಸದ ಹನಿ ಹಾಗೇ ಅಂಟಿಕೊಂಡಿತ್ತು.

ಅಷ್ಟನ್ನು ನಾನು ತುಂಬ ಹೊತ್ತು ನೋಡಿದೆ. ಆಮೇಲೆ ಬೆಸುಗೆ ಕಡ್ಡಿ ಕಾಯಿಸಿ ವೈರನ್ನು ಅದರ ಜಾಗಕ್ಕೆ ಅಂಟಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಅಟ್ಟದಿಂದ ಆರ್ಕೆಸ್ಟ್ರಾದ ಹಳೆಯ ಆಂಪ್ಲಿಫೈಯರು ಇಳಿಸಿ ಚುಚ್ಚಿ, ತುಕ್ಕು ಹಿಡಿದ ತಂತಿಯನ್ನು ಮೀಟಿದೆ. ಗಿಟಾರು ನುಡಿಯಿತು. ಮುರಿದದ್ದಾದರೆ ಬೆಳಗಾಗುವುದರೊಳಗೆ ಬೆಸುಗೆ ಬಿಡಬೇಕು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹೋಗಿ ಮೀಟಿದೆ, ನುಡಿಯಿತು. ಮರುದಿನವೂ ನುಡಿಯಿತು, ಅದರ ಮರುದಿನವೂ ನುಡಿಯಿತು. ಗಿಟಾರು ಮುರಿದೇ ಇರಲಿಲ್ಲ. ಅಂದೇ ಆ ತಗಡು ಬಿಚ್ಚಿ ನೋಡಿದ್ದರೆ ಸಾಕಿತ್ತು. ಬಿಚ್ಚಿ ನೋಡುವ ಅಭ್ಯಾಸ ನಮ್ಮ ಊರಿನಲ್ಲಿ ಯಾರಿಗೂ ಇರಲಿಲ್ಲ, ಅದೇ ಕಸುಬಿನ ನನಗೂ ಇರಲಿಲ್ಲ.

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸುವುದೋ ತಿಳಿಯಲಿಲ್ಲ. ಎರಡು ದಿನ ಗಿರಾಕಿಗಳನ್ನೆಲ್ಲ ಗದರಿಸಿದೆ. ನಾನು ಇದುವರೆಗೆ ಮಾರ್ಪಡಿಸಿದ ಎಷ್ಟು ವಸ್ತುಗಳಲ್ಲಿ ಇಷ್ಟೇ ಒಂದು ವೈರು ಬಿಟ್ಟಿತ್ತೋ ಎಂದು ಲೆಕ್ಕ ಹಾಕತೊಡಗಿದೆ. ವಸ್ತುಗಳ ಮಾತು ಹಾಗಿರಲಿ. ಎಂಟು ದೀಪಾವಳಿ ಅಣ್ಣ ನಮ್ಮ ಮನೆಗೆ ಬಂದಿರಲಿಲ್ಲ. ಅವನ ಮಗಳ ಮದುವೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು, ಅಕ್ಷತೆ ಹಾಕಿ, ಊಟ ಮಾಡದೆ ಬಂದಿದ್ದೆ.

ಮೂರನೆಯ ದಿನ ತುಂಗಮ್ಮ ತಂತಿ ತಂದುಕೊಟ್ಟಳು. ಆಗ ಇನ್ನೊಂದು ತೊಡಕು ಎದುರಿಗೆ ಬಂತು. ಮುರಿದದ್ದನ್ನು ಬೇರೆ ಮಾಡುವುದು ನನಗೆ ಗೊತ್ತು. ಮುರಿಯದೆ ಇರುವುದನ್ನು ಬೇರೆ ಮಾಡಿದವರು ಊರಿನಲ್ಲಿ ಯಾರೂ ಇಲ್ಲ. ಸರಿಯಿರುವುದಕ್ಕೆ ಕೈಹಾಕಿದರೆ ಅದು ಮೊದಲಿನದೂ ಆಗಿ ಉಳಿಯದೆ, ಹೊಸದೂ ಆಗದೆ ಹಾಳಾಗಬಹುದು. ತುಂಗಮ್ಮ ಸೀಟಿಯನ್ನು ಬೆರಳಿಗೆ ಸುತ್ತುತ್ತಾ ಎಲ್ಲ ಕೇಳಿಸಿಕೊಂಡು, ಗಿಟಾರು ಸರಿಯಾಗಿದ್ದರೆ ಹಾಗೇ ಒಯ್ದು ಕೊಟ್ಟುಬಿಡು ಎಂದಳು. ಯಾರಿಗೆ ಕೊಡಲಿ? ಅದನ್ನು ನುಡಿಸುತ್ತಿದ್ದ ನಾಲ್ಕು ಬೆರಳಿನ ಕೈ ಈಗ ಇಲ್ಲ. ಅವನ ಮುಂದೆ ಸರಿಯಾದ ಗಿಟಾರು ಇಡುವುದೆಂದರೆ ಹೋದ ಬೆರಳನ್ನು ಎಣಿಸಿ ತೋರಿಸಿದಂತೆ. ನಾನು ಮಾಡಿಯೇ ಮಾಡುತ್ತೇನೆ ಎಂದೆ. ಹಾಳಾದರೆ, ಹಾಳು ಮಾಡಿದವಳು ನಾನು ಎಂದು ಹೇಳಲು ಒಂದು ಕಾರಣವಾದರೂ ಸಿಗುತ್ತದೆ.

ದಪ್ಪ ತಂತಿ, ಅದನ್ನು ತಿರುವಿ ಬಿಗಿಯುವ ಬಿರಡೆಯ ತೂತಿನೊಳಗೆ ಹೋಗಲಿಲ್ಲ. ಆರು ಬಿರಡೆಗಳಲ್ಲಿ ಎರಡನ್ನು ತೆಗೆದು, ಉಳಿದ ನಾಲ್ಕರ ತೂತನ್ನು ದೊಡ್ಡದು ಮಾಡಿದೆ. ಕತ್ತಿನ ತುದಿಯಲ್ಲಿ ತಂತಿ ಕೂರುವ ಎಲುಬಿನ ಪಟ್ಟಿಯಲ್ಲಿ ಆರು ಗೀರಿನ ಜಾಗಕ್ಕೆ ನಾಲ್ಕು ಅಗಲ ಗೀರು ಅರದಿಂದ ತಿಕ್ಕಿದೆ. ತಂತಿ ಬಿಗಿದು ಮೀಟಿದರೆ ಒಣಹಾಕಿದ ಸೀರೆ ಗಾಳಿಗೆ ಪಟಪಟ ಅಂದಂತಾಯಿತು. ಗಿಟಾರಿನ ಕತ್ತು ಬೇಸಿನದಕ್ಕಿಂತ ಗಿಡ್ಡ, ಅಷ್ಟು ದಪ್ಪ ತಂತಿ ಅಲ್ಲಿ ಬಿಗಿಯಾಗುವುದಿಲ್ಲ. ನನ್ನ ಬುದ್ಧಿಗೆ ತೋಚಿದಂತೆ, ತಂತಿ ಹೊರುವ ಕುದುರೆಯನ್ನು ಕಿತ್ತು, ಮೂರು ಬೆರಳು ಹಿಂದಕ್ಕೆ, ಮರದ ಅಂಚಿಗೇ ಕೂರಿಸಿದೆ. ಈಗ ನಾದ ಬಂತು. ಅಂಗಡಿಯ ಡಬ್ಬಿಯಲ್ಲಿದ್ದ ಮೊಳೆಗಳೆಲ್ಲ ನಡುಗಿದವು. ನಾನು ಕುಣಿದುಬಿಟ್ಟೆ.

ಆಮೇಲೆ ಬೆರಳೊತ್ತಿ ನುಡಿಸಿದೆ. ಒಂದು ಸ್ವರವೂ ಸರಿಯಿಲ್ಲ. ಕತ್ತಿನ ಮೇಲಿನ ಮೆಟ್ಟಿಲುಗಳು, ಎಂದರೆ ಸ್ವರದ ಜಾಗ ತೋರಿಸುವ ಲೋಹದ ಅಡ್ಡಪಟ್ಟಿಗಳು, ಹಳೆಯ ಉದ್ದಕ್ಕೆ ಲೆಕ್ಕಹಾಕಿ ಕೂರಿಸಿದವು. ಕುದುರೆ ಸರಿದ ಮೇಲೆ ಅವು ಸುಳ್ಳು ಹೇಳುತ್ತಿದ್ದವು. ಕುದುರೆ ವಾಪಸ್ಸು ಇಟ್ಟರೆ ಸ್ವರ ಸರಿ, ನಾದವಿಲ್ಲ. ಇಲ್ಲೇ ಇಟ್ಟರೆ ನಾದವುಂಟು, ಸ್ವರವಿಲ್ಲ. ಉಳಿದದ್ದು ಒಂದೇ ದಾರಿ. ಮೆಟ್ಟಿಲುಗಳನ್ನೆಲ್ಲ ಕಿತ್ತುಹಾಕಿದರೆ ಎಲ್ಲಿ ಒತ್ತಬೇಕೋ ಕಿವಿಯೇ ಹುಡುಕಿಕೊಳ್ಳಬೇಕು. ಅಣ್ಣನ ಬೆರಳು ಹೋಗಿರಬಹುದು, ಕಿವಿ ಹೋಗಿಲ್ಲ. ಆದರೆ ಮೆಟ್ಟಿಲು ಕಿತ್ತರೆ ಇದು ಇನ್ನೆಂದೂ ಗಿಟಾರು ಆಗುವುದಿಲ್ಲ. ಅದುವರೆಗೆ ಮಾಡಿದ್ದೆಲ್ಲವನ್ನೂ ಬಿರಡೆ, ಪಟ್ಟಿ ಹೊಸದು ಹಾಕಿ ಹಿಂದಕ್ಕೆ ತರಬಹುದಾಗಿತ್ತು.

ಕೈ ತೊಳೆದುಕೊಂಡು ಬಂದು ಕೂತೆ. ಮೊದಲನೆಯ ಮೆಟ್ಟಿಲಿನ ಕೆಳಗೆ ಇಕ್ಕಳ ತೂರಿಸಿ ಎತ್ತಿದೆ. ಮರದಿಂದ ಬಿಡುವಾಗ ಸಣ್ಣಗೆ ಕಿರುಗುಟ್ಟಿತು. ಎರಡನೆಯದು ಸಲೀಸಾಗಿ ಬಂತು. ಇಪ್ಪತ್ತೊಂದು ಮೆಟ್ಟಿಲು ಕಿತ್ತು ಸಾಲಾಗಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಿಟ್ಟ ಗೀರುಗಳಿಗೆ ಮರದ ಪುಡಿ, ಗೋಂದು ಕಲಸಿ ತುಂಬಿದೆ. ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿದೆ, ಬೆರಳು ಜಾರುವ ತನಕ ಉಜ್ಜಿದೆ. ಮತ್ತೆ ತಂತಿ ಬಿಗಿದು ನಾಲ್ಕು ದಿನ ಗೋಡೆಗೆ ನೇತುಹಾಕಿ ಕಾದೆ. ಕತ್ತು ಬಾಗಲಿಲ್ಲ, ಬೆಸುಗೆ ಬಿಡಲಿಲ್ಲ. ನಾದ ಮಾತ್ರ ಅರೆಮನಸ್ಸಿನದಾಗಿತ್ತು. ಹೆಸರಿಲ್ಲದ ವಸ್ತುವಿಗೆ ಅದು ಸಹಜ.

ಹೆಸರಿಡುವುದಕ್ಕೆ ನಾನೇ ಹೋಗುತ್ತೇನೆ ಎಂದು ಅತ್ತಿಗೆಗೆ ಹೇಳಿದೆ. ಅವಳು ಹೆದರಿದಳು, ಬೇಡ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಭುಜಕ್ಕೆ ಗಿಟಾರು, ಇನ್ನೊಂದು ಕೈಯಲ್ಲಿ ಆಂಪ್ಲಿಫೈಯರು ಹೊತ್ತು ಮೂರು ಬೀದಿ ನಡೆದೆ. ಕಿಟಕಿಗಳು ತೆರೆದುಕೊಂಡವು. ಅಣ್ಣ ಜಗುಲಿಯ ಮೇಲೆ ಕುಳಿತಿದ್ದ, ಎಡಗೈ ಮೇಲೆ ಟವೆಲು ಇತ್ತು. ನನ್ನನ್ನು ನೋಡಿ ಏಳಲು ಹೋದವನು, ನನ್ನ ಭುಜದ ಮೇಲಿದ್ದದ್ದನ್ನು ನೋಡಿ ಕೂತ. ಅತ್ತಿಗೆ ಒಳಗಿನಿಂದ ಕರೆಂಟಿನ ವೈರು ಎಳೆದು ತಂದಳು. ನಾನು ಎಲ್ಲವನ್ನೂ ಜೋಡಿಸಿ ಅವನ ಮುಂದೆ ಇಟ್ಟು, ಇದೇನು ಹೇಳು ಎಂದೆ.

ಅವನು ಬಹಳ ಹೊತ್ತು ಮುಟ್ಟಲಿಲ್ಲ. ಎದುರುಮನೆಯ ಮೇಷ್ಟ್ರು ಪೇಪರು ಮಡಚಿ ರಸ್ತೆಗೇ ಬಂದು ನಿಂತರು. ಕೊನೆಗೆ ಅಣ್ಣ ಅದನ್ನು ತೊಡೆಯ ಮೇಲೆ ಎತ್ತಿಕೊಂಡು ಬಲಗೈ ಹೆಬ್ಬೆರಳಿನಿಂದ ಕೆಳಗಿನ ದನಿಯ ತಂತಿಯನ್ನು ಮೀಟಿದ. ಕಿಟಕಿಯ ಸರಳುಗಳು ಗುಂಯ್ ಅಂದವು. ಅವನ ಹುಬ್ಬು ಮೇಲೇರಿತು. ಟವೆಲು ಜಾರಿ ಬಿತ್ತು. ಎಡಗೈ ತಾನಾಗಿ ಕತ್ತಿಗೆ ಹೋಯಿತು. ಆ ಕೈಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಎರಡು ಬೆರಳು ಮರದ ಮೇಲೆ ತಡವರಿಸಿದವು.

“ಮೆಟ್ಟಿಲೆಲ್ಲಿ?” ಎಂದ. ಎಂಟು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು.

ಕಿತ್ತೆ ಎಂದೆ. ಎಲ್ಲವನ್ನೂ ಕಿತ್ತೆಯಾ ಎಂದ. ಇಪ್ಪತ್ತೊಂದೂ ಎಂದೆ. ತಲೆ ಅಲ್ಲಾಡಿಸಿದ. ಬೈಯುತ್ತಾನೆ ಅಂದುಕೊಂಡೆ. ಅವನು ಕಣ್ಣು ಮುಚ್ಚಿ ಬೆರಳನ್ನು ಮೆಲ್ಲಗೆ ಜಾರಿಸುತ್ತಾ ಒಂದು ಸ್ವರ ಹುಡುಕಿದ. ತಪ್ಪಿದ, ಮತ್ತೆ ಜಾರಿಸಿದ, ಸಿಕ್ಕಿತು. ಅಲ್ಲಿಂದ ಇನ್ನೊಂದಕ್ಕೆ ಹೋದ. ಐದಾರು ಸ್ವರ ಆಗುವಷ್ಟರಲ್ಲಿ ನನಗೆ ಗುರುತು ಸಿಕ್ಕಿತು. ಆ ಆರತಕ್ಷತೆಯ ಹಾಡು, ಎರಡನೆಯ ಚರಣ, ನಿಂತುಹೋಗಿದ್ದ ಸಾಲು. ಅದನ್ನು ನೆಲದಡಿಯಿಂದ ಬಂದಂಥ ದನಿಯಲ್ಲಿ ಕೊನೆಯವರೆಗೂ ನುಡಿಸಿ ನಿಲ್ಲಿಸಿದ. ಅತ್ತಿಗೆ ಸೆರಗಿನಲ್ಲಿ ಮುಖ ಒತ್ತಿಕೊಂಡಳು.

“ಬೇಸು,” ಎಂದ ಅಣ್ಣ. ತಂತಿಗಳು ಒಮ್ಮೆ ತಾವಾಗಿ ನಡುಗಿ ನಿಂತವು. ಹೆಸರು ಹಿಡಿದಿತ್ತು.

ಪದ್ಧತಿಯ ಪ್ರಕಾರ ನಾನು ಅಲ್ಲಿಗೆ ಹೊರಡಬೇಕು. ಮೇಷ್ಟ್ರು ಕೂಡ ಪೇಪರು ಬಿಡಿಸತೊಡಗಿದರು. ನಾನು ಹೊರಡಲಿಲ್ಲ. ಇನ್ನೊಂದು ಹೇಳಬೇಕು ಎಂದೆ. ಗಿಟಾರು ಅಂದು ಮುರಿದಿರಲಿಲ್ಲ, ಒಳಗೆ ಒಂದು ವೈರು ಬೆಸುಗೆ ಬಿಟ್ಟಿತ್ತು, ಅಷ್ಟೇ ಎಂದೆ. ಹೇಳುವಾಗ ಅವನ ಮುಖ ನೋಡಲು ಧೈರ್ಯವಾಗಲಿಲ್ಲ.

“ಗೊತ್ತು,” ಎಂದ.

ನಾನು ತಲೆಯೆತ್ತಿದೆ. ಅವನು ಗಿಟಾರಿನ ಸವೆದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. “ಅದಕ್ಕೆ ಮೂರು ತಿಂಗಳು ಮೊದಲಿಂದ ಕರಕರ ಅಂತಿತ್ತು. ವೈರು ಬಿಟ್ಟಿದೆ ಅಂತ ಅಲ್ಲಿ ನಿಂತಿದ್ದಾಗಲೇ ಗೊತ್ತಾಯ್ತು ಭಾಗಿ. ಆದ್ರೆ ಮುರೀತು ಅಂದ್ಬಿಟ್ರೆ ಮುಗೀತಲ್ಲ. ನೀನೂ ಏನೂ ಹೇಳ್ಬೇಕಾಗಿಲ್ಲ, ನಾನೂ ಏನೂ ಕೇಳ್ಬೇಕಾಗಿಲ್ಲ. ಮುರಿದಿಲ್ಲ ಅಂದ್ರೆ ಯಾರಾದ್ರೂ ಒಬ್ರು ಬಾಯಿ ಬಿಡ್ಬೇಕಾಗ್ತಿತ್ತು.”

ನನಗೆ ಮೊದಲು ಬಂದದ್ದು ಸಿಟ್ಟೇ. ಎಂಟು ವರ್ಷ ಗೊತ್ತಿದ್ದೂ ಸುಮ್ಮನಿದ್ದನಲ್ಲ ಎಂದು ಮೈಯೆಲ್ಲ ಉರಿಯಿತು. ಅದರ ಹಿಂದೆಯೇ, ಗೊತ್ತಿಲ್ಲದೆಯೂ ಎಂಟು ವರ್ಷ ಸುಮ್ಮನಿದ್ದವಳು ನಾನು ಎಂಬುದೂ ನೆನಪಾಯಿತು. ಬಾಯಿ ಬಿಡಬೇಕಾಗಿದ್ದವಳು ನಾನೇ. ಬೀದಿಯಲ್ಲಿ ಅಷ್ಟು ಜನ ನಿಂತಿದ್ದರು. ಅಂದು ಮೈಕಿನಲ್ಲಿ ಹೇಳಿದ್ದೆ, ಇಂದು ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳುವಂತೆಯೇ ಹೇಳಬೇಕು ಅನ್ನಿಸಿತು.

“ನಿನ್ನ ಕೈ ಬಗ್ಗೆ ಹಂಗನ್ನಬಾರದಾಗಿತ್ತು. ತಪ್ಪಾಯ್ತು ಅಣ್ಣ,” ಎಂದೆ.

ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಅಲ್ಲಿದ್ದ ಒಬ್ಬರಿಗೂ ತಿಳಿಯಲಿಲ್ಲ. ಮೇಷ್ಟ್ರು ಹಿರಿಯರು, ದಾರಿ ತೋರಿಸಬೇಕಾದವರು; ಮುಂದೆ ಬಂದು, ಈಗ ನೀವಿಬ್ಬರೂ ಏನಾದರೂ ಆಗಬೇಕಲ್ಲಮ್ಮ, ನುಡಿಸುವವರು ಹಾಡುವವರು ಎಂದರೆ ಚೆನ್ನಾಗಿರುತ್ತದೆ, ಕೇಳಿಬಿಡು ಎಂದರು. ಪದ್ಧತಿಯಂತೆ ನಾನು ಅಣ್ಣನ ಮುಂದೆ ನಿಂತು, ನಾನೇನು ಹೇಳು ಎಂದೆ. ಏನು ಹೇಳಿದರೂ ಒಪ್ಪಿಕೊಳ್ಳುತ್ತೇನೆ, ಬಾಗಿಲಿಗೆ ಹಾಲು ಹಾಕುವವಳು ಎಂದರೂ ನಾಳೆಯಿಂದ ಹಾಲು ತರುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ.

“ತಂಗಿ,” ಎಂದ ಅಣ್ಣ.

ಬೀದಿಯಲ್ಲಿ ಗುಜುಗುಜು ಎದ್ದಿತು. ಹಳೆಯ ಹೆಸರು ಹೇಳುವಂತಿಲ್ಲ, ಬೆಳಗಾಗುವುದರೊಳಗೆ ಮುರಿಯುತ್ತದೆ, ಬೇರೆ ಏನಾದರೂ ಹೇಳಪ್ಪ ಎಂದು ಮೇಷ್ಟ್ರು ಅಂಗಲಾಚಿದರು. ಅತ್ತಿಗೆಯ ಮುಖ ಬಿಳಿಚಿತು. ಬೆಳಗಾಗಲಿ ನೋಡೋಣ ಮೇಷ್ಟ್ರೇ ಎಂದು ಅಣ್ಣ ಮತ್ತೆ ತಂತಿಯ ಕಡೆ ಬಗ್ಗಿದ.

ಮನೆಗೆ ಬಂದು ಒಂದು ಕೆಲಸವನ್ನೂ ಮಾಡಲಾಗಲಿಲ್ಲ. ವೈರು ಬಿಟ್ಟದ್ದು ಬೇರೆ, ಎಂಟು ವರ್ಷ ಬೇರೆ. ಗಿಟಾರಿನ ಬೆಸುಗೆ ನಿಂತಿತೆಂದು ಇದೂ ನಿಲ್ಲುತ್ತದೆಯೇ? ಹೆಸರು ಕೇಳುವುದು ಒಂದೇ ಸಲ; ನಿಲ್ಲದಿದ್ದರೆ ಹಾಲು ಹಾಕುವವಳೂ ಆಗುವಂತಿಲ್ಲ. ಬೆಳಿಗ್ಗೆ ಎದ್ದು, ಏನಾದರೂ ಆಗಲಿ ಎಂದು ಸೀರೆ ಬದಲಾಯಿಸಿ ಹೊರಟೆ. ದಾರಿಯಲ್ಲಿ ಬಸ್ ನಿಲ್ಲಿಸಿಕೊಂಡು ತುಂಗಮ್ಮ ಅದರ ಮೆಟ್ಟಿಲ ಮೇಲೆ ನಿಂತಿದ್ದಳು. ಫಲಿತಾಂಶ ತಿಳಿಯದೆ ಬಸ್ಸು ಬಿಡುವುದಿಲ್ಲ ಎಂದಳು, ಪ್ರಯಾಣಿಕರೂ ಒಪ್ಪಿದ್ದರಂತೆ. ಮೂರನೆಯ ಬೀದಿಯ ತಿರುವಿನಲ್ಲೇ ಕೇಳಿಸಿತು. ಒಂದೊಂದೇ ಸ್ವರ, ದಪ್ಪಗೆ, ತಾಳ್ಮೆಯಿಂದ ಮೇಲೇರಿ ಇಳಿಯುತ್ತಿತ್ತು. ನಾನು ಅಂಗಳಕ್ಕೆ ಕಾಲಿಟ್ಟಾಗ ಅಣ್ಣ ತಲೆಯೆತ್ತದೆ ಒಳಗೆ ಕೂಗಿ, ಭಾಗಿ ಬಂದಳು, ಕಾಫಿ ಇಡು ಎಂದ.

ಇದಾಗಿ ಹನ್ನೊಂದು ತಿಂಗಳು. ಈಗ ಅಂಗಡಿಗೆ ಬಂದವರು ವಸ್ತುವನ್ನು ಮೇಜಿನ ಮೇಲಿಟ್ಟು, ಭಾಗಕ್ಕ, ಮೊದಲು ಒಂದು ಸಲ ಬಿಚ್ಚಿ ನೋಡು ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ನಿಜಕ್ಕೂ ಮುರಿದಿರುತ್ತವೆ. ಒಂದಕ್ಕೆ ಬೆಸುಗೆ ಸಾಕು. ಅಪ್ಪ ಮಗ ಇಬ್ಬರೂ ಕ್ಷೌರದಂಗಡಿಯಲ್ಲಿ ಕನ್ನಡಿಯಲ್ಲೇ ಮುಖ ನೋಡಿಕೊಂಡು ಏನೋ ಮಾತಾಡಲು ಶುರುಮಾಡಿದ್ದಾರೆ ಎಂದು ಸುದ್ದಿ. ತುಂಗಮ್ಮ ಮಾತ್ರ ತನ್ನದು ಬಿಚ್ಚಿ ನೋಡುವುದು ಬೇಡ, ಕಂಡಕ್ಟರಾಗಿಯೇ ಇರುತ್ತೇನೆ, ಹೇಳಿದಲ್ಲಿ ನಿಲ್ಲುತ್ತಾನೆ ಎಂದಳು.

ಆ ಮೊದಲ ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಅಣ್ಣ ನನ್ನ ಕೆಲಸದಲ್ಲಿ ಹುಳುಕು ತೆಗೆದ. ಕುದುರೆ ಸೊಟ್ಟ ಕೂರಿಸಿದ್ದೀಯ, ಮೂರನೆಯ ತಂತಿ ಅಂಚಿಗೆ ಎಳೆಯುತ್ತಿದೆ, ಮಾಡುವಾಗ ಕಣ್ಣೆಲ್ಲಿತ್ತು ಎಂದ. ನಾನು ಅಳತೆಪಟ್ಟಿ ಇಟ್ಟು ಕೂರಿಸಿದ್ದು, ನೀನು ಅಡ್ಡಾದಿಡ್ಡಿ ಹಿಡಿಯುತ್ತಿದ್ದೀಯ ಎಂದೆ. ಹತ್ತು ವರ್ಷ ಹಿಡಿದವನಿಗೆ ಹಿಡಿಯುವುದು ಕಲಿಸುತ್ತೀಯಾ ಎಂದ. ಹಿಡಿದದ್ದು ಸಾಕು, ನುಡಿಸುವುದು ಕಲಿ ಎಂದೆ. ಎದುರುಮನೆಯ ಮೇಷ್ಟ್ರು ಗಾಬರಿಯಾಗಿ ಓಡಿಬಂದರು. ಅತ್ತಿಗೆ ಲೋಟ ಕೆಳಗಿಟ್ಟು ನಗತೊಡಗಿದಳು. ನಾವಿಬ್ಬರೂ ಮಧ್ಯಾಹ್ನದ ಊಟದ ತನಕ ಜಗಳವಾಡಿದೆವು, ಅವನು ಟವೆಲಿಲ್ಲದ ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡು ಮೊಸರನ್ನ ಉಂಡ, ನಾನು ಅಲ್ಲಿಯೇ ಉಂಡು ಸಂಜೆ ಅಂಗಡಿ ತೆರೆದೆ.